ನೆಲ ಕಾಯುವ ಹೊತ್ತು

ಮಗಳು ಎಂಬಿಎ ಓದುತ್ತಿದ್ದಳು. ಅದರಲ್ಲೂ ಫೈನಾನ್ಸ್. ಅಮ್ಮ ಅದೇ ಕಾಲೇಜಿನ ನೆಲ ಒರೆಸುತ್ತಿದ್ದಳು. ಇದನ್ನು ಕೇಳಿದವರು ಕಣ್ಣೊರೆಸಿಕೊಳ್ಳಲು ಕರ್ಚೀಫು ಹುಡುಕಬಹುದು. ಅವರಿಬ್ಬರಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬಳಿಗೆ ಮೂರು ಮಹಡಿ.

ಕಾಲೇಜಿನೊಳಗೆ ತನ್ನನ್ನು ಅಮ್ಮ ಎಂದು ಕರೆಯಕೂಡದು ಎಂದು ಅಪ್ಪಣೆ ಮಾಡಿದವಳು ಅಮ್ಮನೇ. ಮೊದಲ ದಿನ ಗೇಟಿನ ಹೊರಗೆ ನಿಲ್ಲಿಸಿಕೊಂಡು ಹೇಳಿದ್ದಳು. "ಒಳಗೆ ಹೋದ್ಮೇಲೆ ನೀನ್ಯಾರೋ ನಾನ್ಯಾರೋ. ಗೊತ್ತಾದ್ರೆ ನಿನ್ನ ಪಕ್ಕ ಯಾರೂ ಕೂರಲ್ಲ."

ಮಗಳು ಜಗಳ ಮಾಡಿದಳು. ಅಮ್ಮ ಜಗ್ಗಲಿಲ್ಲ. ಅಂದಿನಿಂದ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಅಮ್ಮ ಮಗಳ ಶೂ ಹತ್ತಿರ ಮಾಪಿನ ಕೋಲು ನಿಲ್ಲಿಸಿ, "ಮೇಡಂ, ಸ್ವಲ್ಪ ಆ ಕಡೆ ಹೋಗ್ತೀರಾ?" ಎನ್ನುವಳು. ಮೇಡಂ ಎನ್ನುವಾಗ ಅವಳ ತುಟಿಯಂಚಿನಲ್ಲಿ ಒಂದು ಕಳ್ಳನಗು. ಮಗಳಿಗೆ ನಗು ಬರುತ್ತಿತ್ತು, ಮೈಯೂ ಉರಿಯುತ್ತಿತ್ತು. ಉರಿದದ್ದೇ ಹೆಚ್ಚು.

ಮನೆಯಲ್ಲಿ ಮೂವರು. ಅಮ್ಮ, ಮಗಳು, ಅಮ್ಮನ ತಂಗಿ ಚಿಕ್ಕಮ್ಮ. ಚಿಕ್ಕಮ್ಮನಿಗೂ ಅದೇ ಕಾಲೇಜಿನಲ್ಲಿ ಅದೇ ಕೆಲಸ. ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ, ಕಿಟಕಿಯ ಕೆಳಗೆ ಮಗಳ ಪುಸ್ತಕಗಳು. ಚಿಕ್ಕಮ್ಮ ಆ ಪುಸ್ತಕಗಳ ಕಡೆ ಗದ್ದ ತೋರಿಸಿ ಕೇಳುವಳು.

"ಎಂಬಿಎ ಅಂದ್ರೆ ಏನೇ?"

"ವ್ಯವಹಾರ ಹೇಗೆ ನಡೆಸಬೇಕು ಅಂತ ಕಲಿಸ್ತಾರೆ ಚಿಕ್ಕಮ್ಮ."

"ಯಾರ ವ್ಯವಹಾರ?"

"ಯಾರದಾದ್ರೂ."

"ನಮ್ಮದಲ್ಲ ಅನ್ನು."

ಮಗಳಿಗೆ ತಾನು ಕಲಿತದ್ದನ್ನು ಹೇಳುವ ಚಟ. ಇವತ್ತು ಕೈಗೆ ಬಂದ ನೂರು ರೂಪಾಯಿ ಮುಂದೆಂದೋ ಬರುವ ನೂರಕ್ಕಿಂತ ದೊಡ್ಡದು, ಹೊತ್ತಿಗೂ ಬೆಲೆ ಉಂಟು, ಹಣಕಾಸಿನ ಶಾಸ್ತ್ರ ಶುರುವಾಗುವುದೇ ಅಲ್ಲಿಂದ ಎಂದು ಒಂದು ಸಂಜೆ ವಿವರಿಸಿದಳು. ಚಿಕ್ಕಮ್ಮ ಕಣ್ಣರಳಿಸಿ ಕೇಳಿದಳು. "ಅದಕ್ಕೇನಾ ಸೀಟಿ ಸಂಬಳ ಕೇಳಿದಾಗೆಲ್ಲ ನಾಳೆ ಬಾ ಅನ್ನೋದು? ಅವನು ಎಂಬಿಎ ಓದಿದಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಸೀಟಿ ಎಂದರೆ ಅವರ ಮೇಸ್ತ್ರಿ. ಗುತ್ತಿಗೆದಾರನ ಕಡೆಯವನು. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಹೆಂಗಸರನ್ನು ಕರೆಯಬೇಕಾದರೆ ಬಾಯಿ ನೋಯಿಸಿಕೊಳ್ಳುತ್ತಿರಲಿಲ್ಲ, ಊದುತ್ತಿದ್ದ. ಒಂದು ಸಲ ಊದಿದರೆ ನೆಲಮಹಡಿಯವರು, ಎರಡು ಸಲ ಊದಿದರೆ ಮೊದಲನೆಯದು. ಹೀಗೆ ಹನ್ನೆರಡು ಹೆಂಗಸರಿಗೆ ಹೆಸರಿಲ್ಲದೆ ಕೆಲಸ ನಡೆದುಹೋಗುತ್ತಿತ್ತು.

ಕಟ್ಟಡಕ್ಕೆ ಲಿಫ್ಟ್ ಇತ್ತು. ಬಕೆಟ್ಟು ಹಿಡಿದವರು ಅದರೊಳಗೆ ಕಾಲಿಡುವಂತಿರಲಿಲ್ಲ. ನೀರು ಚೆಲ್ಲುತ್ತದಂತೆ. ನಲ್ಲಿ ಇದ್ದದ್ದು ನೆಲಮಹಡಿಯ ಹಿಂಬದಿಯಲ್ಲಿ. ತುಂಬಿದ ಬಕೆಟ್ಟು ಎರಡು ಕೈಯಲ್ಲಿ, ಕೋಲು ಕಂಕುಳಲ್ಲಿ. ಹತ್ತಬೇಕು. ಒರೆಸಬೇಕು. ಕೊಳೆನೀರು ಇಳಿಸಬೇಕು. ಮತ್ತೆ ತುಂಬಿಸಿ ಹತ್ತಬೇಕು. ಔಷಧಿ ಬೆರೆಸಿದ ನೀರಿಗೆ ಬೆರಳಸಂದು ಬಿರಿಯುತ್ತಿತ್ತು. ಊಟಕ್ಕೆ ಕೂತಾಗ ಉಪ್ಪು ತಾಗಿದರೆ ಜೀವ ಹೋಗುತ್ತಿತ್ತು. ಕಟ್ಟಡದ ಎಲ್ಲ ಶೌಚಾಲಯಗಳನ್ನು ತೊಳೆಯುವವರು ಅವರು. ತಮಗೆ ಬೇಕಾದಾಗ ಮಾತ್ರ ಹಿತ್ತಲು ದಾಟಿ ಜನರೇಟರ್ ಪಕ್ಕದ ಗೂಡಿಗೆ ಹೋಗಬೇಕು. ಅದಕ್ಕೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು.

ಅವರಿಗೆ ಕುರ್ಚಿ ಇರಲಿಲ್ಲ. ಕೂರುವ ಹೊತ್ತು ಒಂದೇ. ಉದ್ದನೆಯ ಕಪ್ಪುಕಲ್ಲಿನ ಕಾರಿಡಾರನ್ನು ಒರೆಸಿ ಮುಗಿಸಿದ ಮೇಲೆ, ಅದು ಒಣಗುವ ತನಕ, ಇಬ್ಬರು ಮೆಟ್ಟಿಲ ತುದಿಯಲ್ಲಿ ಕೂರುತ್ತಿದ್ದರು. ಅದಕ್ಕೆ ಅವರದೇ ಒಂದು ಹೆಸರಿತ್ತು. ನೆಲ ಕಾಯೋದು.

ಎರಡನೇ ವರ್ಷದ ಕೊನೆಯಲ್ಲಿ ಫೈನಾನ್ಸ್ ಮೇಷ್ಟ್ರು ಒಂದು ಪ್ರಾಜೆಕ್ಟ್ ಕೊಟ್ಟರು. ಒಂದು ಮಧ್ಯಮ ಗಾತ್ರದ ಸಂಸ್ಥೆ, ಹೆಸರು ಗೋಪ್ಯ. ಅದರ ಖರ್ಚುಗಳ ವಿವರ ಇಲ್ಲಿದೆ. ಎಲ್ಲಿ ಉಳಿಸಬಹುದು, ತೋರಿಸಿ. ಮೇಷ್ಟ್ರು ಕೆಟ್ಟವರೇನಲ್ಲ. ಬಾಗಿಲು ತೆರೆದು ಹಿಡಿದವರಿಗೆಲ್ಲ ಥ್ಯಾಂಕ್ಸ್ ಹೇಳುವ ಮನುಷ್ಯ. "ಸಂಸ್ಥೆಗೂ ಒಂದು ಮೈ ಇರುತ್ತೆ. ಕೊಬ್ಬು ಎಲ್ಲಿ ಸೇರಿದೆ ನೋಡಿ. ಅದನ್ನ ಕರಗಿಸೋದೇ ನಿಮ್ಮ ಕೆಲಸ" ಎಂದರು.

ಗುಂಪಿನಲ್ಲಿ ನಾಲ್ವರು. ಒಬ್ಬಳು ವಿದ್ಯುತ್ತಿನ ಖರ್ಚು ತೆಗೆದುಕೊಂಡಳು, ಇನ್ನೊಬ್ಬ ವಾಹನಗಳದ್ದು. ಟೈ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗ, ಸ್ನಾನಕ್ಕೂ ಟೈ ಬಿಚ್ಚುವುದಿಲ್ಲ ಎಂಬ ಖ್ಯಾತಿ ಅವನದು, ಸ್ಲೈಡುಗಳ ಅಂದಚೆಂದ ತನಗಿರಲಿ ಎಂದ. ಸ್ವಚ್ಛತೆಯ ಖರ್ಚು ಮಗಳ ಪಾಲಿಗೆ ಬಂತು. ಬಂತು ಎನ್ನುವುದೂ ಸುಳ್ಳು. ಅವಳೇ ಕೇಳಿ ತೆಗೆದುಕೊಂಡಳು. ಬೇರೆಯವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂಬ ಜಂಬ.

ಮನೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಕೇಳಿದಳು. ಒಂದು ಕಾರಿಡಾರಿಗೆ ಎಷ್ಟು ಹೊತ್ತು ಬೇಕು, ನೀರು ಎಷ್ಟು ಸಲ ಬದಲಿಸಬೇಕು. ಅಮ್ಮನಿಗೆ ಹಿಗ್ಗು. ಮಗಳ ಪಾಠದಲ್ಲಿ ತನ್ನ ಮಾಪಿಗೂ ಜಾಗ ಸಿಕ್ಕಿತಲ್ಲ.

"ಒರೆಸಿದ್ಮೇಲೆ ಏನ್ ಮಾಡ್ತೀರಿ?"

"ನೆಲ ಕಾಯ್ತೀವಿ."

"ಅಂದ್ರೆ?"

"ಅಂದ್ರೆ ಏನು, ಮೆಟ್ಟಿಲ ಮೇಲೆ ಕೂತ್ಕೋತೀವಿ."

ಮಗಳು ತುಂಬಬೇಕಿದ್ದ ಪಟ್ಟಿಯಲ್ಲಿ ಹೊತ್ತಿಗೆ ಎರಡೇ ಕಾಲಮ್. ಒಂದು ಪ್ರೊಡಕ್ಟಿವ್, ಇನ್ನೊಂದು ಐಡಲ್. ಕೆಲಸದ ಹೊತ್ತು, ಖಾಲಿ ಹೊತ್ತು. ನೆಲ ಕಾಯುವುದಕ್ಕೆ ಮೂರನೆಯ ಕಾಲಮ್ ಇರಲಿಲ್ಲ. ಅವಳು ಪೆನ್ನಿನ ತುದಿ ಕಚ್ಚಿ ಅರೆಗಳಿಗೆ ಯೋಚಿಸಿ, ಐಡಲ್ ಎಂದು ಹಾಕಿದಳು. ಆಮೇಲೆ ಲೆಕ್ಕ ತಾನಾಗಿ ಓಡಿತು. ಕೂತ ಹೊತ್ತನ್ನೆಲ್ಲ ಕೂಡಿಸಿದರೆ ಹನ್ನೆರಡು ಮಂದಿಯ ಕೆಲಸಕ್ಕೆ ಏಳು ಮಂದಿ ಸಾಕು ಎಂದು ಬಂತು. ಅಂಕಿಗಳು ಹೀಗೆ ಒಂದಕ್ಕೊಂದು ಹೊಂದಿ ಕೂತಾಗ ಅವಳಿಗೆ ಹಸಿವೂ ಮರೆಯುತ್ತಿತ್ತು. ಆ ವಿದ್ಯೆಯನ್ನು ಅವಳು ನಿಜವಾಗಿ ಪ್ರೀತಿಸುತ್ತಿದ್ದಳು.

ಮೇಷ್ಟ್ರು ವರದಿಯನ್ನು ತರಗತಿಯಲ್ಲಿ ಎತ್ತಿ ತೋರಿಸಿದರು. "ಎಷ್ಟು ಒಳನೋಟ ನೋಡಿ. ಪಕ್ಕದಲ್ಲೇ ನಿಂತು ನೋಡಿದ ಹಾಗೆ ಬರೆದಿದಾಳೆ." ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ. ಆಡಳಿತ ಸಮಿತಿಯ ಮುಂದೆ ಅವಳೇ ಇದನ್ನು ಮಂಡಿಸಬೇಕು, ಚೆನ್ನಾಗಿ ಮಂಡಿಸಿದರೆ ಕಾಲೇಜಿನ ಹಣಕಾಸು ವಿಭಾಗದಲ್ಲೇ ಕೆಲಸ ಗ್ಯಾರಂಟಿ ಎಂದರು. ಆ ಸಂಸ್ಥೆಯಲ್ಲೂ ಹನ್ನೆರಡೇ ಮಂದಿ ಹೇಗೆ, ಸಮಿತಿಗೆ ಈ ಯಾವುದೋ ಸಂಸ್ಥೆಯ ಕಸಗುಡಿಸುವ ಖರ್ಚಿನ ಮೇಲೆ ಯಾಕಿಷ್ಟು ಆಸಕ್ತಿ ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದರೆ ಎಂಥವರಿಗೂ ಬುದ್ಧಿ ಸ್ವಲ್ಪ ರಜೆ ಹಾಕುತ್ತದೆ.

ಆ ವಾರದ ಒಂದು ಸಂಜೆ ಮಗಳು ಊಟಕ್ಕೆ ಕೂತಿದ್ದಳು. ಚಿಕ್ಕಮ್ಮ ಕುಂಟುತ್ತಾ ಒಳಗೆ ಬಂದಳು. ಅವಳ ಎಡ ಮಂಡಿ ಸರಿಯಿರಲಿಲ್ಲ. ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

"ಐದಾಳು ಟೈಮ್ ಅಂತ ಒಂದಿದ್ಯಂತೆ ಕಣೇ. ಸೀಟಿ ಹೇಳಿದ. ದೊಡ್ಡವರು ಲೆಕ್ಕ ಹಾಕ್ಸಿದಾರಂತೆ. ನಾವು ಐದಾಳು ಜಾಸ್ತಿ ಇದೀವಂತೆ. ಹೆಸರಲ್ಲೇ ಇದೆ ನೋಡು, ಐದಾಳು ಟೈಮ್. ಮುಂದಿನ ತಿಂಗಳಿಂದ ಐದು ಜನ ಮನೆಗೆ."

ಮಗಳ ಕೈ ತಟ್ಟೆಯಲ್ಲೇ ನಿಂತಿತು. "ಐಡಲ್ ಟೈಮಾ?"

"ಅದೇ. ನಿನ್ನ ಬಾಯಲ್ಲಿ ಕೇಳೋಕೆ ಎಷ್ಟು ಚೆಂದ." ಚಿಕ್ಕಮ್ಮ ಗೋಡೆಗೊರಗಿ ಕಾಲು ಚಾಚಿದಳು. "ನಿಧಾನ ಇರೋರು ಮೊದಲು ಹೋಗ್ಬೇಕಂತೆ. ಅಂದ್ರೆ ಮೆರವಣಿಗೇಲಿ ಮುಂದೆ ನಾನೇ. ಉಳಿದೋರು ಇನ್ಮೇಲೆ ಮೆಟ್ಟಿಲ ಮೇಲೆ ಕೂರೋ ಹಾಗಿಲ್ಲ. ಒರೆಸಿದ್ದೇ ಎದ್ದು ಮುಂದಿನ ಮಹಡಿಗೆ ಓಡ್ಬೇಕು."

"ಯಾರು ಬರೆದದ್ದಂತೆ?" ಅಮ್ಮ ಒಲೆಯ ಕಡೆಯಿಂದ ಕೇಳಿದಳು.

"ಯಾರೋ ಮಹಾ ಬುದ್ಧಿವಂತ. ಅವನಿಗೆ ದೇವರು ಕುಂಡಿ ಕೊಡೋದು ಮರೆತಿದಾನೆ ಅನ್ಸುತ್ತೆ. ಇದ್ದಿದ್ರೆ ಕೂರೋದು ಅಂದ್ರೆ ಏನು ಅಂತ ಗೊತ್ತಿರೋದು."

"ಮಗು ಊಟ ಮಾಡ್ತಿದೆ, ಬಾಯಿ ಬಿಗಿ ಹಿಡಿ."

"ನಾವು ಕೊಬ್ಬಂತೆ ಅಕ್ಕ. ಕಾಲೇಜಿಗೆ ಕೊಬ್ಬು ಜಾಸ್ತಿ ಆಗಿದೆ, ಕರಗಿಸ್ತೀವಿ ಅಂದನಂತೆ." ಚಿಕ್ಕಮ್ಮ ತನ್ನ ರಟ್ಟೆ ಹಿಡಿದು ಎಳೆದು ತೋರಿಸಿದಳು. ಚರ್ಮ ಬಿಟ್ಟರೆ ಮೂಳೆ. "ಎಲ್ಲಿದೆಯೋ ತೋರಿಸಿದ್ರೆ ನಾನೂ ನೋಡ್ತಿದ್ದೆ. ಎಷ್ಟು ಹೊತ್ತು ಕೂರ್ತೀವಿ, ಯಾವ ಮೆಟ್ಟಿಲ ಮೇಲೆ ಕೂರ್ತೀವಿ, ಎಲ್ಲ ಬರೆದಿದಾನಂತೆ. ನಮ್ಮ ಮಗ್ಗುಲಲ್ಲೇ ಕೂತಿದ್ದೋನ ಹಾಗೆ. ನಮ್ಮವರೇ ಯಾರೋ ಹೇಳಿಕೊಟ್ಟಿರ್ಬೇಕು ಅಂತ ಅಲ್ಲೆಲ್ಲ ಮಾತಾಡ್ಕೋತಿದಾರೆ. ಮನೆಹಾಳರು."

"ನಾನೇ ಬರೆದದ್ದು" ಎಂದಳು ಮಗಳು.

ಚಿಕ್ಕಮ್ಮ ನಕ್ಕಳು. ಆಮೇಲೆ ಮಗಳ ಮುಖ ನೋಡಿದಳು. ನಗು ಅರ್ಧಕ್ಕೆ ನಿಂತಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಹೆಸರು ಗೋಪ್ಯ ಅಂದಿದ್ರು" ಎಂದಳು ಮಗಳು. "ನಮ್ಮ ಕಾಲೇಜು ಅಂತ ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅಮ್ಮ."

ಅಮ್ಮ ಕೈ ಒರೆಸಿಕೊಂಡು ಬಂದು ಎದುರು ಕೂತಳು. "ಮಾರ್ಕ್ಸ್ ಎಷ್ಟು ಬಂತು?"

"ಎಲ್ಲರಿಗಿಂತ ಜಾಸ್ತಿ."

"ಮತ್ತೆ ಅಳೋದು ಯಾಕೆ? ಊಟ ಮಾಡು."

ಅಮ್ಮ ಎರಡು ಬಿಗಿದಿದ್ದರೆ ಮಗಳಿಗೆ ಸಮಾಧಾನವಾಗುತ್ತಿತ್ತು. ಅಮ್ಮ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಮಗಳು ಜೋರಾಗಿ ಅತ್ತಳು. ಸಣ್ಣವಳಿದ್ದಾಗ ಅತ್ತ ಹಾಗೆ, ಮೂಗು ಸೋರಿಸಿಕೊಂಡು.

"ನೀನೇ ಹೇಳಿದ್ದಲ್ವಾ, ನೆಲ ಕಾಯೋದು ಅಂದ್ರೆ ಕೂತ್ಕೊಳ್ಳೋದು ಅಂತ. ಒಣಗಲಿ ಅಂತ ಕಾಯ್ತಾ ಕೂರ್ತೀರಿ ಅಂದ್ಕೊಂಡೆ."

"ಒಣಗೋದನ್ನ ಕಾಯೋಕೆ ಇಬ್ಬರು ಯಾಕೆ ಬೇಕು? ಅದು ತಾನಾಗಿ ಒಣಗುತ್ತೆ" ಎಂದಳು ಅಮ್ಮ. "ದನ ಕಾಯೋದು, ಮನೆ ಕಾಯೋದು ಅಂತೀವಲ್ಲ, ಹಂಗೆ ಇದೂ. ಯಾರೂ ತುಳೀದೆ ಇರ್ಲಿ, ಯಾರೂ ಜಾರಿ ಬೀಳದೆ ಇರ್ಲಿ ಅಂತ. ಆ ಕಲ್ಲು ಒದ್ದೆ ಇದ್ರೆ ಗೊತ್ತಾಗಲ್ಲ, ಮೊದಲೇ ಹೊಳೆಯುತ್ತೆ. ಕೂತೇ ಕಾಯ್ತೀವಿ, ನಿಂತು ಕಾಯೋಕೆ ಕಾಲಲ್ಲಿ ಏನಿದೆ?"

ಚಿಕ್ಕಮ್ಮ ಸೀರೆ ಸರಿಸಿ ಮಂಡಿ ತೋರಿಸಿದಳು. ಅದು ಇನ್ನೊಂದರ ಒಂದೂವರೆಯಷ್ಟಿತ್ತು. "ಇದು ಹೇಗಾಯ್ತು ಅಂತ ಗೊತ್ತಾ ನಿಂಗೆ?"

ಕೆಲಸದಲ್ಲಿ ಬಿದ್ದಳು ಎಂದು ಗೊತ್ತಿತ್ತು. ಹೇಗೆ ಬಿದ್ದಳು ಎಂದು ಮಗಳು ಕೇಳಿರಲಿಲ್ಲ. ಆಗ ಅವಳಿಗೆ ಸೆಮಿಸ್ಟರ್ ಪರೀಕ್ಷೆ.

"ಒಬ್ಬಳು ಫೋನು ಕಿವಿಗಿಟ್ಕೊಂಡು ಓಡ್ತಾ ಬಂದ್ಳು. ಕೂಗಿದೆ, ಕೇಳಿಸ್ಲಿಲ್ಲ. ಎದ್ದು ಹೋಗಿ ಹಿಡ್ಕೊಂಡೆ. ಅವಳು ನಿಂತ್ಳು, ನಾನು ಹೋದೆ. ಅವಳು ಸಾರಿ ಆಂಟಿ ಅಂದ್ಲು, ಒಳ್ಳೇ ಹುಡುಗಿ. ಸೀಟಿ ಮಾತ್ರ ಮೇಲಿನೋರಿಗೆ ಇವಳದೇ ಅಜಾಗ್ರತೆ ಅಂದ. ಹಾಸಿಗೇಲಿದ್ದ ದಿನದ್ದೆಲ್ಲ ಸಂಬಳ ಹಿಡಿದ್ರು."

ಮಗಳು ಅಳು ನಿಲ್ಲಿಸಿದಳು. ಕಾಯುವುದು ಎಂಬ ಒಂದೇ ಮಾತಿಗೆ ಅವಳ ತಾಯಿನುಡಿಯಲ್ಲೇ ಎರಡು ಅರ್ಥ. ತನಗೆ ಅನುಕೂಲವಾದದ್ದನ್ನು ಆರಿಸಿಕೊಂಡು ಅವಳು ಇಂಗ್ಲಿಷಿನ ಕಾಲಮ್ಮಿಗೆ ತುರುಕಿದ್ದಳು. ಎರಡು ವರ್ಷದಲ್ಲಿ ಕೂತು ಮಾಡುವ ಕೆಲಸಗಳಿಗೆ ಎಷ್ಟೊಂದು ಹೆಸರು ಕಲಿತಿದ್ದಳು. ಪರಿಶೀಲನೆ. ಮೇಲ್ವಿಚಾರಣೆ. ಸಮಾಲೋಚನೆ. ಎಲ್ಲವೂ ಕುರ್ಚಿಯ ಮೇಲೆ ನಡೆಯುವಂಥವು. ಮೆಟ್ಟಿಲ ಮೇಲೆ ಕೂತ ಕೂಡಲೇ ಅದು ಐಡಲ್. ತಿದ್ದಬೇಕು, ಚಿಕ್ಕಮ್ಮನನ್ನು ಕೆಲಸದಿಂದ ತೆಗೆಯುವ ಮೊದಲು ತಿದ್ದಬೇಕು ಎಂದು ಅವಳು ನಿರ್ಧರಿಸಿದಳು.

ಮರುದಿನ ಮೇಷ್ಟ್ರ ಕೋಣೆಗೆ ಹೋಗಿ ವರದಿ ತಪ್ಪಾಗಿದೆ, ತಿದ್ದಿಕೊಡುತ್ತೇನೆ ಎಂದಳು. ಮೇಷ್ಟ್ರು ಕನ್ನಡಕ ತೆಗೆದರು.

"ವರದಿ ನಿರ್ದೇಶಕರ ಹತ್ರ ಹೋಗಿಯಾಯ್ತಮ್ಮ. ಕೂಡೋದು ಕಳೆಯೋದು ಎಲ್ಲ ಸರಿಯಾಗೇ ಇದೆ."

"ಅದು ನಮ್ಮ ಕಾಲೇಜಿನ ಲೆಕ್ಕ ಅಂತ ನೀವು ಹೇಳಲಿಲ್ಲ ಸಾರ್."

"ಗೋಪ್ಯ ಇಡಬೇಕಿತ್ತು."

"ಸೀಟಿಗೂ ಗೊತ್ತಿತ್ತು ಸಾರ್. ಗೋಪ್ಯ ಇದ್ದದ್ದು ನನಗೊಬ್ಬಳಿಗೇ."

ಸೀಟಿ ಎಂದರೆ ಯಾರೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಕನ್ನಡಕ ಒರೆಸಿದರು. ಒಳ್ಳೆಯವರು ಕಷ್ಟಕ್ಕೆ ಸಿಕ್ಕಿಬಿದ್ದಾಗ ಒರೆಸಿಕೊಳ್ಳಲು ಏನಾದರೊಂದು ಹುಡುಕುತ್ತಾರೆ. "ಭಾವನೆಗಳನ್ನ ಪಕ್ಕಕ್ಕಿಡು. ಚೆನ್ನಾಗಿ ಮಂಡಿಸು. ನಿನ್ನ ಮುಂದಿನ ಜೀವನ ಇದೆ" ಎಂದರು.

ಮನೆಯಲ್ಲಿ ಅಮ್ಮನೂ ಅದನ್ನೇ ಹೇಳಿದಳು. ಬಾಯಿ ಮುಚ್ಚಿಕೊಂಡು ಮಂಡಿಸು, ಕೆಲಸ ಹಿಡಿ, ಚಿಕ್ಕಮ್ಮನನ್ನು ನಾವಿಬ್ಬರು ಸಾಕೋಣ. ಚಿಕ್ಕಮ್ಮ ಮಗಳ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. "ನನ್ನನ್ನ ಸಾಕೋದಕ್ಕೆ ನಾನೇನು ಬೆಕ್ಕಾ?" ಎಂದಳು. ಅಷ್ಟೇ ಹೇಳಿ ಕಾಲರು ತಿರುವಿ ಹಾಕಿದಳು. ಅವಳ ಬಾಯಿಂದ ಬೇರೆ ತಮಾಷೆ ಹೊರಡಲಿಲ್ಲ, ಮಗಳಿಗೆ ಅದೇ ಹೆಚ್ಚು ಚುಚ್ಚಿತು.

ಸಭೆ ಮೇಲಿನ ಮಹಡಿಯಲ್ಲಿ. ಉದ್ದ ಮೇಜು, ಸುತ್ತ ಎತ್ತರ ಬೆನ್ನಿನ ಕುರ್ಚಿಗಳು, ಕುರ್ಚಿಗಳಲ್ಲಿ ಸಮಿತಿ. ನಿರ್ದೇಶಕರು ನಡುವೆ. ಸಮಿತಿಯವರು ಚಹಾಕ್ಕೆ ಹೊರಗೆ ಬರುವ ಹೊತ್ತಿಗೆ ಕಾರಿಡಾರು ಫಳಫಳ ಹೊಳೆಯಬೇಕೆಂದು ಸೀಟಿಗೆ ಆಜ್ಞೆಯಾಗಿತ್ತು. ಮುಚ್ಚಿದ ಬಾಗಿಲಾಚೆ ಮಾಪು ಎಳೆಯುವ ಸದ್ದು ಮಗಳಿಗೆ ಕೇಳುತ್ತಿತ್ತು. ಎರಡು ಮಾಪು. ಒಂದು ಅಮ್ಮನದು, ನಡುನಡುವೆ ನಿಂತು ನಿಂತು ಸಾಗುವುದು ಚಿಕ್ಕಮ್ಮನದು.

ವಿದ್ಯುತ್ತು ಮುಗಿಯಿತು. ವಾಹನ ಮುಗಿಯಿತು. ಮಗಳು ಎದ್ದು ನಿಂತಳು. ಗೋಡೆಯ ಮೇಲೆ ಅವಳ ಸ್ಲೈಡ್ ಬಂತು. ಹನ್ನೆರಡರಲ್ಲಿ ಐದು ಕೆಂಪು ಚುಕ್ಕೆ. ಟೈ ಬಣ್ಣವನ್ನು ಚೆನ್ನಾಗಿಯೇ ಆರಿಸಿದ್ದ.

"ಈ ಅಂಕಿ ತಪ್ಪು" ಎಂದಳು ಮಗಳು.

ನಿರ್ದೇಶಕರು ತಲೆಯೆತ್ತಿದರು. "ಯಾರು ಹಾಕಿದ್ದು?"

"ನಾನೇ ಸಾರ್. ಇದು ಖಾಲಿ ಹೊತ್ತಲ್ಲ. ಅವರು ಆಗ ನೆಲ ಕಾಯ್ತಿರ್ತಾರೆ. ಅದೂ ಕೆಲಸ."

"ಅವರು ಕೂತಿರ್ತಾರೋ ಇಲ್ವೋ?"

"ಕೂತಿರ್ತಾರೆ."

"ಮತ್ತೆ?"

"ಕೂತು ಕೆಲಸ ಮಾಡ್ತಾರೆ ಸಾರ್. ಈಗ ನೀವೆಲ್ಲ ಮಾಡ್ತಿರೋ ಹಾಗೆ."

ಯಾರೋ ಕೆಮ್ಮಿದರು. ಮೇಷ್ಟ್ರು ತಮ್ಮ ಕನ್ನಡಕಕ್ಕೆ ಕೈ ಹಾಕಿದರು.

"ಇದನ್ನೆಲ್ಲ ನಿಮಗೆ ಹೇಳಿದ್ದು ಯಾರು?"

"ನಮ್ಮಮ್ಮ" ಎಂದಳು ಮಗಳು. "ಇಲ್ಲೇ ನೆಲ ಒರೆಸ್ತಾರೆ. ಈಗ ಹೊರಗೆ ಕೇಳಿಸ್ತಿದೆಯಲ್ಲ, ಅದು ಅವರೇ."

ಟೈ ಅವಳನ್ನೇ ನೋಡಿದ. ಎರಡು ವರ್ಷ ಅವಳ ಪಕ್ಕ ಕೂತವನು. ಅವನು ಎದ್ದು ದೂರ ಹೋಗಲಿಲ್ಲ, ಕುರ್ಚಿಯನ್ನೂ ಸರಿಸಲಿಲ್ಲ. ಬಾಯಿ ಮಾತ್ರ ತೆರೆದಿತ್ತು.

ನಿರ್ದೇಶಕರು ಪೆನ್ನು ಕೆಳಗಿಟ್ಟರು. "ಅಂದ್ರೆ ಇದ್ರಲ್ಲಿ ನಿಮ್ಮ ಸ್ವಂತ ಹಿತಾಸಕ್ತಿ ಇದೆ. ಇದನ್ನ ಮೊದಲೇ ಹೇಳಬೇಕಿತ್ತು."

"ಐದು ಜನರನ್ನ ತೆಗೀಬಹುದು ಅಂತ ಬರೆದಾಗ ಅದನ್ನ ಒಳನೋಟ ಅಂದ್ರಿ. ತೆಗೀಬೇಡಿ ಅಂದ ಕೂಡ್ಲೆ ಹಿತಾಸಕ್ತಿ ಆಯ್ತಾ ಸಾರ್?"

"ಕೂತ್ಕೊಳ್ಳಿ. ಬೇರೆ ಯಾರಾದ್ರೂ ಮುಂದುವರಿಸಿ." ನಿರ್ದೇಶಕರು ಟೈ ಕಡೆ ಕೈ ತೋರಿಸಿದರು. ಅವನು ಎದ್ದು ಟೈ ಸರಿಮಾಡಿಕೊಂಡ. ಸ್ಲೈಡ್ ನೋಡಿದ. ಮಗಳನ್ನು ನೋಡಿದ. "ಸಾರ್, ನಾನು ಬಣ್ಣ ಅಷ್ಟೇ ನೋಡ್ಕೊಂಡಿದ್ದು" ಎಂದು ಕೂತುಬಿಟ್ಟ. ಅವನ ಜೀವನದಲ್ಲಿ ಅದೊಂದು ಪ್ರಾಮಾಣಿಕ ಕ್ಷಣ.

"ಪರವಾಗಿಲ್ಲ, ವರದಿ ನಮ್ಮ ಕೈಯಲ್ಲಿದೆ. ಚಹಾ ಆದ್ಮೇಲೆ ಒಪ್ಪಿಗೆ ಹಾಕೋಣ" ಎಂದರು ನಿರ್ದೇಶಕರು. ಸಮಿತಿಯವರು ತಲೆಯಾಡಿಸಿದರು. ಹಣಕಾಸು ವಿಭಾಗದ ಕೆಲಸದ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಹೇಳುವುದು ಬೇಕಿರಲಿಲ್ಲ. ಮೇಷ್ಟ್ರು ಮೆಲ್ಲಗೆ, "ಹೊರಗೆ ಹೋಗಿ ಸ್ವಲ್ಪ ನೀರು ಕುಡಿಯಮ್ಮ" ಎಂದರು. ಮಗಳು ಬಾಗಿಲು ತೆರೆದು ಹೊರಗೆ ಹೋದಳು.

ಕಾರಿಡಾರು ಉದ್ದಕ್ಕೂ ಒದ್ದೆ. ಆ ತುದಿಯಲ್ಲಿ ಮೆಟ್ಟಿಲು, ಮೆಟ್ಟಿಲ ಪಕ್ಕ ಲಿಫ್ಟ್. ಮೆಟ್ಟಿಲ ತುದಿಯಲ್ಲಿ ಅಮ್ಮನೂ ಚಿಕ್ಕಮ್ಮನೂ ಕೂತಿದ್ದರು. ಚಿಕ್ಕಮ್ಮ ಕೈಯೆತ್ತಿ ತಡೆದಳು. "ಮೇಡಂ, ಹಾರ್ಕೊಂಡು ಬರ್ತೀರೋ ಹೇಗೆ?" ಮಗಳು ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಗೋಡೆಯಂಚಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದಳು. ಎರಡು ಕಡೆ ಕಾಲು ಜಾರಿತು. ಬಂದವಳೇ ಮೆಟ್ಟಿಲ ಮೇಲೆ ಅವರ ನಡುವೆ ಕೂತಳು. ಇಸ್ತ್ರಿ ಹಾಕಿದ ಕೋಟು ಮುದುಡಿತು.

"ಏನಾಯ್ತು?" ಎಂದಳು ಅಮ್ಮ.

"ನಮ್ಮಮ್ಮ ಅಂತ ಹೇಳ್ಬಿಟ್ಟೆ."

ಅಮ್ಮ ಕಣ್ಣು ಮುಚ್ಚಿ ತೆರೆದಳು. "ಕೆಲಸ?"

"ಹೋಯ್ತು. ಚಹಾ ಕುಡಿದು ಬಂದು ಒಪ್ಪಿಗೆ ಹಾಕ್ತಾರಂತೆ."

ಆಗ ಸೀಟಿ ಕೆಳಗಿನಿಂದ ಹತ್ತಿ ಬಂದ. ಬಂದವನೇ ಊದಿದ. ಮೂರಡಿ ದೂರದಲ್ಲಿರುವವರಿಗೂ ಊದುವುದೇ ಅವನ ಪದ್ಧತಿ. "ಏಳಿ, ಏಳಿ. ಹೊಸ ರೂಲು ಇವತ್ತಿಂದಲೇ. ಕೆಳಗಿನ ಮಹಡಿ ಹಾಗೇ ಬಿದ್ದಿದೆ." ಚಿಕ್ಕಮ್ಮ ಮಂಡಿಯ ಮೇಲೆ ಕೈಯೂರಿ ಏಳಲು ನೋಡಿದಳು. ನೋವಿಗೆ ತುಟಿ ಕಚ್ಚಿದಳು. ಏಳಲಾಗದೆ ಮತ್ತೆ ಕೂತು, ಉಸಿರು ತೆಗೆದುಕೊಳ್ಳುತ್ತಾ ಮಗಳನ್ನು ಕೇಳಿದಳು.

"ಒಳಗಿರೋರು ಯಾರೇ ಅವರು? ಅವರಿಗೆ ಏನು ಕೆಲಸ?"

"ಸಮಿತಿ ಅಂತ. ಆಗಾಗ ಬಂದು ಕೂರ್ತಾರೆ. ಕೂತಿದ್ದಕ್ಕೆ ದುಡ್ಡು ಕೊಡ್ತಾರೆ."

"ಏನು ಮಾಡಿದ್ದಕ್ಕೆ?"

"ಕೂತಿದ್ದಕ್ಕೆ ಚಿಕ್ಕಮ್ಮ. ಸಿಟ್ಟಿಂಗ್ ಫೀ ಅಂತಾನೇ ಹೆಸರು. ಲೆಕ್ಕದಲ್ಲಿ ಅದಕ್ಕೆ ಬೇರೆ ಸಾಲೇ ಇದೆ."

"ಕೂತಿದ್ದಕ್ಕಾ?"

"ಕೂತಿದ್ದಕ್ಕೇ."

ಚಿಕ್ಕಮ್ಮ ಅಕ್ಕನ ಮುಖ ನೋಡಿದಳು. ಅವಳ ಹೊಟ್ಟೆಯ ಆಳದಿಂದ ನಗು ಎದ್ದಿತು. ವಾರದಿಂದ ಕಟ್ಟಿಟ್ಟ ನಗು. ಗೋಡೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬಂತು. ಕೆಳಗಿನ ಮಹಡಿಯಿಂದ ಒಬ್ಬಳು ಕತ್ತೆತ್ತಿ, "ಏನೇ ಅದು?" ಎಂದಳು. ಚಿಕ್ಕಮ್ಮ ಕೂಗಿ ಹೇಳಿದಳು. ಅವಳು ತನ್ನ ಕೆಳಗಿನವಳಿಗೆ ಹೇಳಿದಳು. ಸಿಟ್ಟಿಂಗ್ ಫೀ ಎಂಬುದು ಬಾಯಿಂದ ಬಾಯಿಗೆ ಮೆಟ್ಟಿಲಿಳಿದು ನೆಲಮಹಡಿಯ ನಲ್ಲಿಯ ತನಕ ಹೋಯಿತು. ನಗು ಮೇಲೆ ಬಂತು, ಅದರ ಹಿಂದೆ ಹೆಂಗಸರೂ ಬಂದರು. ಕೆಲವರು ಬಕೆಟ್ಟು ಹಿಡಿದೇ ಬಂದರು. ಬಂದವರು ಬಂದಂತೆ ಒಂದೊಂದು ಮೆಟ್ಟಿಲಲ್ಲಿ ಕೂತರು. ಸೀಟಿ ಊದಲು ಬಾಯಿಗಿಟ್ಟುಕೊಂಡ. ಎಷ್ಟು ಸಲ ಊದಬೇಕೋ ತಿಳಿಯದೆ ಹಾಗೇ ನಿಂತ.

ಆ ಕಡೆ ಬಾಗಿಲು ತೆರೆಯಿತು. ಸಮಿತಿ ಚಹಾಕ್ಕೆ ಹೊರಟಿತ್ತು. ಮುಂದಿದ್ದ ದಪ್ಪನೆಯ ಸದಸ್ಯರೊಬ್ಬರು ಹೊಳೆಯುವ ನೆಲಕ್ಕೆ ಕಾಲಿಟ್ಟರು. ಕಾಲು ಸರ್ರನೆ ಅವರನ್ನು ಬಿಟ್ಟು ಮುಂದೆ ಹೋಯಿತು. ಮೇಷ್ಟ್ರು ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಆ ದಿನದ ಭತ್ಯೆ ಆಸ್ಪತ್ರೆಯಲ್ಲಿ ಖರ್ಚಾಗುತ್ತಿತ್ತು. ಎಲ್ಲರೂ ಹಿಂದೆ ಸರಿದು ಹೊಸ್ತಿಲಲ್ಲಿ ಗುಂಪಾಗಿ ನಿಂತರು.

ನಿರ್ದೇಶಕರು ಈ ತುದಿಯ ಮೆಟ್ಟಿಲನ್ನು ನೋಡಿದರು. ಮೆಟ್ಟಿಲ ತುಂಬ ಹೆಂಗಸರು. ನಡುವೆ ಕೋಟು ಹಾಕಿದ ಒಬ್ಬಳು.

"ಇದೇನಿದು? ಎಲ್ಲರೂ ಏಳಿ. ದಾರಿ ಬಿಡಿ" ಎಂದರು.

ಆ ದನಿಗೆ ಎರಡು ವರ್ಷ ಎದ್ದು ನಿಂತ ಅಭ್ಯಾಸ. ಮಗಳ ಕಾಲು ಅವಳನ್ನು ಕೇಳದೆ ಎದ್ದಿತು. ಅಮ್ಮ ಅವಳ ಕೋಟಿನ ಚುಂಗು ಹಿಡಿದು ಜಗ್ಗಿ ಕೂರಿಸಿದಳು. ಆ ಕಟ್ಟಡದಲ್ಲಿ ಯಾವತ್ತೂ ದನಿಯೆತ್ತದವಳು, ಕೂತಲ್ಲಿಂದ ಏಳದೆ, ಕಾರಿಡಾರಿನ ಆ ತುದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಅಲ್ಲೇ ನಿಂತಿರಿ ಸಾರ್. ನಾವು ಕೆಲಸದಲ್ಲಿದೀವಿ."